ಪಟ್ಟದಕಲ್ಲಿನ ಗುಡಿಗಳನ್ನು ಓದುವ ಬಗೆ: ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಗೋಕಾಕ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋದಾಗ ಗೈಡ್ ಒಬ್ಬರು "ಐಹೊಳಿ ಕನ್ನಡ ಸಾಲಿ, ಬಾದಾಮಿ ಹೈಸ್ಕೂಲು, ಪಟ್ಟದಕಲ್ಲು ಯುನಿವರ್ಸಿಟಿ" ಎಂದರು. ನಮ್ಮ ಹುಡುಗನೊಬ್ಬ "ಹಂಗಾದ್ರ ಯುನಿವರ್ಸಿಟಿಯೊಳಗ ಎರಡ ನಮೂನಿ ಗುಡಿ ಯಾಕ ಅದಾವ್ರಿ? ಚಲೋದು ಯಾವುದು ಅಂತ ಗೊತ್ತಾದ ಮ್ಯಾಲೆ ಅದನ್ನಷ್ಟ ಕಟ್ಟಬೇಕಿತ್ತಲ್ಲ?" ಎಂದು ಕೇಳಿದ. ಗೈಡ್ ನಕ್ಕು ಸುಮ್ಮನಾದರು, ನನಗೂ ಉತ್ತರ ಹೊಳೆಯಲಿಲ್ಲ. ಈ ವರ್ಷ ಮತ್ತೆ ಹೊರಟಿದ್ದೇವೆ. ನಾಗರ, ದ್ರಾವಿಡ ಎಂಬುದನ್ನು ಮಕ್ಕಳು ತಾವೇ ಗುರುತಿಸುವಂತೆ ಹೇಗೆ ತೋರಿಸುವುದು? ಒಂದೇ ದಿನ ಇರುವುದರಿಂದ ಯಾವ ಕ್ರಮದಲ್ಲಿ ನೋಡುವುದು?

ಉತ್ತರ: ನಿಮ್ಮ ಹುಡುಗನ ಪ್ರಶ್ನೆ ಗೈಡ್ ಹೇಳಿದ ಮಾತಿಗಿಂತ ಗಟ್ಟಿಯಾಗಿದೆ. ಅಲ್ಲಿಂದಲೇ ಶುರು ಮಾಡೋಣ.

ಸಾಲಿ, ಹೈಸ್ಕೂಲು, ಯುನಿವರ್ಸಿಟಿ ಎಂಬ ಮಾತು ಕೇಳಲು ಚೆಂದ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಇಸವಿಗಳ ಮುಂದೆ ನಿಲ್ಲುವುದಿಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿರುವ ಚಾಲುಕ್ಯ ಮಂಗಲೇಶನ ಶಾಸನ ಶಕ 500ರದು, ಅಂದರೆ ಕ್ರಿ.ಶ. 578. ಐಹೊಳೆಯಲ್ಲಿ ಖಚಿತ ತೇದಿ ಇರುವ ಗುಡಿ ಮೇಗುತಿ. ರವಿಕೀರ್ತಿ ಬರೆದ ಅದರ ಶಾಸನ ಶಕ 556ರದು, ಕ್ರಿ.ಶ. 634. ಅಲ್ಲಿಗೆ 'ಹೈಸ್ಕೂಲು' 'ಕನ್ನಡ ಸಾಲಿ'ಗಿಂತ 56 ವರ್ಷ ಮುಂಚೆ ತೆರೆದಂತಾಯಿತು! ಇನ್ನು ಐಹೊಳೆಯ ದುರ್ಗ ಗುಡಿಯ ಹೆಬ್ಬಾಗಿಲಿನಲ್ಲಿ ಎರಡನೇ ವಿಕ್ರಮಾದಿತ್ಯನ ಕಾಲದ ಶಾಸನವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯೂ ಅದೇ ಅರಸನ ಕಾಲದ್ದು. ಲಾಡಖಾನ ಗುಡಿ 5ನೇ ಶತಮಾನದ್ದು, ಭಾರತದ ಮೊಟ್ಟಮೊದಲ ಗುಡಿಗಳಲ್ಲಿ ಒಂದು ಎಂದು ಹಿಂದಿನ ಪುರಾತತ್ವ ವಿದ್ವಾಂಸರು ಬರೆದಿದ್ದರು. ಸಾಲಿಯಿಂದ ಯುನಿವರ್ಸಿಟಿಗೆ ಏರುವ ಈ ಏಣಿಯ ಕಲ್ಪನೆ ಬೆಳೆದದ್ದು ಹೆಚ್ಚಾಗಿ ಅದರ ಮೇಲೆ. ಈಗಿನ ವಿದ್ವಾಂಸರು ಲಾಡಖಾನವನ್ನು 7ನೇ ಶತಮಾನದ ಕೊನೆಗೆ ಇಲ್ಲವೇ 8ನೇ ಶತಮಾನಕ್ಕೆ ಇಳಿಸಿದ್ದಾರೆ. ನೋಡಲು ಒರಟಾಗಿದೆ, ಚಪ್ಪಡಿ ಚಾವಣಿ ಇದೆ ಎಂದ ಮಾತ್ರಕ್ಕೆ ಹಳೆಯದು ಎನ್ನಲಾಗದು. ಆದರೂ ಗೈಡ್‌ಗಳ ಬಾಯಲ್ಲಿ ಇಸವಿ ಬದಲಾಗಿಲ್ಲ.

ಏಣಿಯನ್ನು ಪಕ್ಕಕ್ಕಿಟ್ಟರೆ ಕಾಣುವುದು ಬೇರೆಯೇ ಚಿತ್ರ. ಮಲಪ್ರಭೆಯ ಈ ಕೊಳ್ಳದಲ್ಲಿ ಸುಮಾರು ಇನ್ನೂರು ವರ್ಷ, ಬಾದಾಮಿಯ ಚಾಲುಕ್ಯರ ಆಳ್ವಿಕೆ ಇದ್ದಷ್ಟು ಕಾಲ, ಮೂರೂ ಊರುಗಳಲ್ಲಿ ಒಟ್ಟೊಟ್ಟಿಗೆ ಕೆಲಸ ನಡೆದಿದೆ. ಉತ್ತರದ ನಾಗರ, ದಕ್ಷಿಣದ ದ್ರಾವಿಡ, ಎರಡೂ ಬಗೆಯ ಶಿಖರಗಳನ್ನು ಬಲ್ಲ ಆಚಾರಿಗಳು ಒಂದೇ ಬಯಲಿನಲ್ಲಿ ಉಳಿ ಹಿಡಿದಿದ್ದಾರೆ. ನಾಗರ ಶೈಲಿ ಮೊದಲು ಬಂದು, ಅದು ಸಾಲದೆಂದು ದ್ರಾವಿಡ ಬಂದದ್ದಲ್ಲ. ಒಂದು ಕಲಿತು ಇನ್ನೊಂದಕ್ಕೆ 'ಪಾಸಾದದ್ದೂ' ಅಲ್ಲ. ಹುಡುಗನಿಗೆ ಹೇಳಬೇಕಾದ ಉತ್ತರ ಇದು: ಅವರಿಗೆ ಎರಡೂ ಚಲೋ ಇದ್ದವು. ಯಾವುದನ್ನು ಕಟ್ಟಬೇಕೆಂಬುದು ಕಟ್ಟಿಸುವವರ ಮತ್ತು ಕಟ್ಟುವವರ ಆಯ್ಕೆಯಾಗಿತ್ತು.

ಇದನ್ನು ಕಣ್ಣಾರೆ ತೋರಿಸಲು ಒಳ್ಳೆಯ ಜಾಗ ಪಟ್ಟದಕಲ್ಲು ಅಲ್ಲ, ಮಹಾಕೂಟ. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಾಗ ನಂದಿಕೇಶ್ವರದ ಕಡೆ ಹೊರಳಿದರೆ ಸಿಗುತ್ತದೆ. ಅಲ್ಲಿ ವಿಷ್ಣು ಪುಷ್ಕರಣಿಯ ಸುತ್ತ ಒಂದೇ ಅಂಗಳದಲ್ಲಿ ಮಹಾಕೂಟೇಶ್ವರ ದ್ರಾವಿಡ ಶಿಖರ ಹೊತ್ತು ನಿಂತಿದೆ, ಸಂಗಮೇಶ್ವರ ನಾಗರ ಶಿಖರ ಹೊತ್ತು ನಿಂತಿದೆ. ಎರಡೂ ಪಟ್ಟದಕಲ್ಲಿನ ದೊಡ್ಡ ಗುಡಿಗಳಿಗಿಂತ ಹಿಂದಿನವು. ಮಹಾಕೂಟದಲ್ಲಿದ್ದ ಮಂಗಲೇಶನ ಧರ್ಮಜಯಸ್ತಂಭದ ಶಾಸನ 602ರ ಸುಮಾರಿನದು. ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರನಾಥನಿಗೆ, ಅಂದರೆ ಮಹಾಕೂಟದ ದೇವರಿಗೆ, ಬಿಟ್ಟ ಊರುಗಳ ಪಟ್ಟಿ ಅದರಲ್ಲಿದೆ. ಪಟ್ಟಿಯಲ್ಲಿ ಕೆಸುವೊಳಲವೂ ಇದೆ, ಅಂದರೆ ಇಂದಿನ ಪಟ್ಟದಕಲ್ಲು. ದೊಡ್ಡ ಗುಡಿಗಳು ಏಳುವ ನೂರು ವರ್ಷ ಮೊದಲೇ ಈ ಊರು ದಾಖಲೆಯಲ್ಲಿತ್ತು ಎನ್ನಲು ಇಷ್ಟು ಸಾಕು.

ಈಗ ಪಟ್ಟದಕಲ್ಲಿನ ಇತಿಹಾಸ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಉತ್ತರವಾಹಿನಿಯ ದಂಡೆ ಪುಣ್ಯಸ್ಥಳವೆಂಬ ನಂಬಿಕೆಯಿಂದಲೇ ಚಾಲುಕ್ಯ ಅರಸರ ಪಟ್ಟಾಭಿಷೇಕಕ್ಕೆ ಈ ಜಾಗ ಒದಗಿತು. ರಾಜಧಾನಿ ಬಾದಾಮಿ 22 ಕಿಲೋಮೀಟರ್ ದೂರದಲ್ಲಿ, ಕೋಟೆಯೊಳಗೆ. ಪಟ್ಟ ಕಟ್ಟುವುದು ಮಾತ್ರ ಇಲ್ಲಿ, ಬಯಲಿನಲ್ಲಿ, ಹೊಳೆಯ ದಂಡೆಯ ಮೇಲೆ. ಗುಡಿಗಳೆಲ್ಲ ಪೂರ್ವಕ್ಕೆ, ಹೊಳೆಗೆ ಮುಖ ಮಾಡಿವೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಏಕೆಂದರೆ ಈಗ ನಾವು ಟಿಕೆಟ್ ತೆಗೆಸಿ ಒಳಗೆ ಹೋಗುವುದು ಊರಿನ ಕಡೆಯಿಂದ, ಅಂದರೆ ಹಿತ್ತಲ ಕಡೆಯಿಂದ. ಅರಸನಾಗಲಿ ಭಕ್ತರಾಗಲಿ ಬರುತ್ತಿದ್ದದ್ದು ಹೊಳೆಯಿಂದ ಮೇಲಕ್ಕೆ.

ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ 1987ರಲ್ಲಿ ಸೇರಿದ ಇಲ್ಲಿನ ಹತ್ತು ಗುಡಿಗಳಲ್ಲಿ ಒಂಬತ್ತು ಶೈವ, ಒಂದು ಜೈನ ಬಸದಿ. ಎಲ್ಲವನ್ನೂ ಒಂದೇ ಸಮನೆ ನೋಡಬೇಕಿಲ್ಲ. ಕಾಲ ಗಟ್ಟಿಯಾಗಿ ಗೊತ್ತಿರುವವು ಮೂರು, ಅವನ್ನು ಮೊಳೆಯಂತೆ ಹೊಡೆದುಕೊಂಡರೆ ಉಳಿದವನ್ನು ನೇತುಹಾಕಲು ಬರುತ್ತದೆ. ಮೊದಲನೆಯದು ಸಂಗಮೇಶ್ವರ: ವಿಜಯಾದಿತ್ಯ (ಆಳ್ವಿಕೆ 696–733) ಕಟ್ಟಿಸಿದ್ದು, ಶಾಸನದಲ್ಲಿ ಅದರ ಹೆಸರು ವಿಜಯೇಶ್ವರ. ಎರಡನೆಯದು ವಿರೂಪಾಕ್ಷ: ವಿಜಯಾದಿತ್ಯನ ಮಗ ಎರಡನೇ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ್ದು, ಆಗಿನ ಹೆಸರು ಲೋಕೇಶ್ವರ. ಮೂರನೆಯದು ಮಲ್ಲಿಕಾರ್ಜುನ: ಲೋಕಮಹಾದೇವಿಯ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು, ಆಗಿನ ಹೆಸರು ತ್ರೈಲೋಕ್ಯೇಶ್ವರ. ಅಕ್ಕತಂಗಿಯರಿಬ್ಬರೂ ಹೈಹಯ ಮನೆತನದವರು.

ಈ ಮೂರನ್ನೂ ಒಟ್ಟಿಗೆ ಹೆಸರಿಸುವ ದಾಖಲೆ ಆವರಣದಲ್ಲಿರುವ ಕಲ್ಲಿನ ಕಂಬ. ತ್ರೈಲೋಕ್ಯಮಹಾದೇವಿಯ ಮಗ ಎರಡನೇ ಕೀರ್ತಿವರ್ಮನ ಕಾಲದಲ್ಲಿ, 754ರ ಸೂರ್ಯಗ್ರಹಣದ ಸಂದರ್ಭದಲ್ಲಿ, ಗಂಗೆಯ ದಂಡೆಯ ನಾಡಿನಿಂದ ಬಂದ ಜ್ಞಾನಶಿವಾಚಾರ್ಯ ನಿಲ್ಲಿಸಿದ ತ್ರಿಶೂಲದ ಕಂಬ ಅದು. ಅದರ ಮೇಲೆ ಒಂದೇ ಸಂಸ್ಕೃತ ಪಾಠವನ್ನು ಎರಡು ಲಿಪಿಗಳಲ್ಲಿ ಕೆತ್ತಿದ್ದಾರೆ, ಒಂದು ಉತ್ತರದ ಸಿದ್ಧಮಾತೃಕಾ, ಇನ್ನೊಂದು ನಮ್ಮ ಕಡೆಯ ಹಳೆಯ ಕನ್ನಡ ಲಿಪಿ. ಉತ್ತರದಿಂದ ಬಂದವರೂ ಓದಬೇಕು, ಊರವರೂ ಓದಬೇಕು ಎಂಬ ಲೆಕ್ಕ ಕಾಣುತ್ತದೆ. ಗುಡಿಗಳ ಮೇಲೆ ಎರಡು ಶೈಲಿ, ಕಂಬದ ಮೇಲೆ ಎರಡು ಲಿಪಿ. ನನ್ನ ಮಟ್ಟಿಗೆ ಪಟ್ಟದಕಲ್ಲಿನ ಸ್ವಭಾವವನ್ನು ಇಷ್ಟು ಅಡಕವಾಗಿ ಹೇಳುವ ಕಲ್ಲು ಇನ್ನೊಂದಿಲ್ಲ. ಹೆಚ್ಚಿನ ಪ್ರವಾಸಿಗರು ಅದರತ್ತ ತಿರುಗಿಯೂ ನೋಡದೆ ಹೋಗುತ್ತಾರೆ.

ಕಂಬ ನೆಟ್ಟ ಹೊತ್ತಿಗೆ ಚಾಲುಕ್ಯರ ಕಾಲ ಮುಗಿಯುತ್ತ ಬಂದಿತ್ತು. ರಾಷ್ಟ್ರಕೂಟ ದಂತಿದುರ್ಗ ಕೀರ್ತಿವರ್ಮನ ಮೇಲೆ ಆಗಲೇ ಏರಿ ಬಂದಿದ್ದ. ಬಾದಾಮಿ ರಸ್ತೆಯ ಬದಿಯಲ್ಲಿರುವ ಜೈನ ಬಸದಿ ಆ ನಂತರದ್ದು, ರಾಷ್ಟ್ರಕೂಟರ 9ನೇ ಶತಮಾನದ್ದು.

ಇನ್ನು ವಿರೂಪಾಕ್ಷ. ಪೂರ್ವದ ಮುಖಮಂಟಪದಲ್ಲೂ ಹೆಬ್ಬಾಗಿಲಿನಲ್ಲೂ ಇರುವ ಹಳಗನ್ನಡ ಶಾಸನಗಳ ಸಾರ ಇಷ್ಟು: ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ಈ ಗುಡಿಯ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಎಂಬ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದೂ ಪೆರ್ಜೆರೆಪು ಎಂಬ ಪಟ್ಟವೂ ಸಂದವು. ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಹೊಗಳಿಸಿಕೊಂಡ ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. ಮಾವ ವಿಜಯಾದಿತ್ಯ ಇಲ್ಲಿನ ಹಾಡುಗಾರರಿಗೆ ಕೊಟ್ಟಿದ್ದ ದತ್ತಿಯನ್ನು ಲೋಕಮಹಾದೇವಿ ಮುಂದುವರಿಸಿದಳೆಂಬ ಮಾತೂ ಶಾಸನದಲ್ಲಿ ಬರುತ್ತದೆ. ಕಟ್ಟಿಸಿದವರ ಹೆಸರಷ್ಟೇ ದೊಡ್ಡದಾಗಿ ಕಟ್ಟಿದವನ ಹೆಸರನ್ನೂ ಕಲ್ಲಿನ ಮೇಲೆ ಉಳಿಸಿದ ಗುಡಿಗಳು ಆ ಕಾಲದಲ್ಲಿ ತೀರ ಕಡಿಮೆ. ಮಕ್ಕಳಿಗೆ ಯುದ್ಧದ ಕಥೆಗಿಂತ ಇದನ್ನು ಮೊದಲು ಹೇಳಿ.

ಕಂಚಿಯ ವಿಷಯದಲ್ಲಿ ಇನ್ನೊಂದು ಸುಲಭದ ಮಾತು ಓಡಾಡುತ್ತದೆ: "ವಿಕ್ರಮಾದಿತ್ಯ ಕಂಚಿ ಗೆದ್ದು ಅಲ್ಲಿನ ಶಿಲ್ಪಿಗಳನ್ನು ಕರೆತಂದ, ಕೈಲಾಸನಾಥ ಗುಡಿಯ ನಕಲು ಮಾಡಿಸಿದ." ಸಂಬಂಧ ಇರುವುದು ನಿಜ. ಕಂಚಿಯ ಕೈಲಾಸನಾಥ ಗುಡಿಯಲ್ಲೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಗೆದ್ದ ಮೇಲೂ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಅವನು ಆ ಗುಡಿಯನ್ನು ಕಂಡು ಮೆಚ್ಚಿದ್ದನೆನ್ನಲು ಅಡ್ಡಿಯಿಲ್ಲ. ಆದರೆ ಅವನ ಅಪ್ಪ ಕಟ್ಟಿಸಿದ ಸಂಗಮೇಶ್ವರ ಆಗಲೇ ಪೂರ್ಣ ದ್ರಾವಿಡ ಗುಡಿ. ಬಾದಾಮಿಯ ಮಾಲೆಗಿತ್ತಿ ಶಿವಾಲಯ, ಮೇಲಣ ಶಿವಾಲಯಗಳು ಅದಕ್ಕೂ ಹಿಂದಿನವು, ಅವೂ ದ್ರಾವಿಡವೇ. ಅಂದಮೇಲೆ ದ್ರಾವಿಡ ಶಿಖರ ಕಟ್ಟುವುದನ್ನು ನಮ್ಮ ಆಚಾರಿಗಳು ಕಂಚಿಯಿಂದ ಹೊಸದಾಗಿ ಕಲಿಯಬೇಕಿರಲಿಲ್ಲ. ಮೇಲಾಗಿ ವಿರೂಪಾಕ್ಷದ ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ, ಮುಂದೆ ಮೂಗಿನಂತೆ ಚಾಚಿಕೊಂಡಿರುವ ಶುಕನಾಸ ಕಂಚಿಯಲ್ಲಿಲ್ಲ. ಅದು ನಾಗರ ಗುಡಿಗಳ ಅಂಗ. ಪಕ್ಕದ ಜಂಬುಲಿಂಗೇಶ್ವರದ ಮೇಲೆ ಇದ್ದದ್ದನ್ನು ಆಚಾರಿ ಎತ್ತಿ ದ್ರಾವಿಡ ವಿಮಾನಕ್ಕೆ ಕೂಡಿಸಿದ್ದಾನೆ. ಸಂಗಮೇಶ್ವರಕ್ಕೆ ಶುಕನಾಸವಿಲ್ಲ, ವಿರೂಪಾಕ್ಷಕ್ಕೆ ಇದೆ. ಎರಡನ್ನೂ ಬದಿಯಿಂದ ನೋಡಿ ಹೋಲಿಸಲು ಮಕ್ಕಳಿಗೆ ಹೇಳಿ. ಮಾವನ ಗುಡಿಗೂ ಸೊಸೆಯ ಗುಡಿಗೂ ನಡುವೆ ಏನು ಬದಲಾಯಿತೆಂಬುದನ್ನು ಅವರೇ ಹೇಳುತ್ತಾರೆ. ಮುಂದೆ ಎಲ್ಲೋರದ ಕೈಲಾಸಕ್ಕೆ ಮಾದರಿಯಾದದ್ದೂ ಈ ವಿರೂಪಾಕ್ಷವೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಗುರುತಿಸುವುದು ಹೇಗೆ. ಎಲ್ಲರೂ ಮಾಡುವ ತಪ್ಪೆಂದರೆ ನೇರ ಶಿಖರದ ತುದಿ ನೋಡಿ ತೀರ್ಮಾನ ಕೊಡುವುದು. ಕೆಳಗಿನಿಂದ ಮೇಲಕ್ಕೆ ಹೋಗಿ. ಗುಡಿಯಿಂದ ಅದರ ಎತ್ತರದಷ್ಟಾದರೂ ದೂರ ನಿಂತು, ಪಕ್ಕದ ಗೋಡೆಯ ಎದುರು ನೋಡಬೇಕು. ಮುಂಭಾಗದಿಂದ ಮಂಟಪ ಅಡ್ಡ ಬರುತ್ತದೆ.

ಮೊದಲು ಪೀಠ, ಅಂದರೆ ಅಧಿಷ್ಠಾನ. ಅದರ ಮೇಲೆ ಗೋಡೆ, ಅಂದರೆ ಭಿತ್ತಿ. ದ್ರಾವಿಡ ಗುಡಿಯಲ್ಲಿ ಗೋಡೆಯನ್ನು ಅರೆಗಂಬಗಳು ಅಂಕಣಗಳಾಗಿ ಒಡೆಯುತ್ತವೆ, ನಡುವೆ ದೇವಕೋಷ್ಠಗಳಲ್ಲಿ, ಅಂದರೆ ಗೂಡುಗಳಲ್ಲಿ, ಮೂರ್ತಿಗಳು. ಗೋಡೆಯ ಮೇಲೆ ದುಂಡಗೆ ಬಾಗಿ ಹೊರಚಾಚಿದ ಸೂರು ಕಪೋತ. ಅದರಲ್ಲಿ ಅಲ್ಲಲ್ಲಿ ಕುದುರೆಲಾಳದ ಆಕಾರದ ಕೂಡುಗಳು. ಕಪೋತದ ಮೇಲಿನ ಸಾಲನ್ನು ಚೆನ್ನಾಗಿ ನೋಡಿ, ಗುಟ್ಟು ಇರುವುದೇ ಅಲ್ಲಿ. ಮೂಲೆಗಳಲ್ಲಿ ಪುಟ್ಟ ಚೌಕ ಗುಡಿಗಳು, ಅವು ಕೂಟ. ನಡುವೆ ಬನಶಂಕರಿ ಜಾತ್ರೆಗೆ ಬರುವ ಕೊಲ್ಲಾರಿ ಬಂಡಿಯ ಮುಚ್ಚಿಗೆಯಂತೆ ಉದ್ದಕ್ಕೆ ದುಂಡಗಾದ ಚಾವಣಿಯದು ಶಾಲಾ. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಪಂಜರ ಎಂಬ ಕಿರಿದಾದ ಗುಡಿ. ಈ ಪುಟ್ಟ ಗುಡಿಗಳ ಮಾಲೆಗೆ ಹಾರ ಎನ್ನುತ್ತಾರೆ. ಒಂದು ಹಾರ ಮುಗಿದ ಮೇಲೆ ಒಳಕ್ಕೆ ಸರಿದು ಇನ್ನೊಂದು ಗೋಡೆ, ಅದರ ಮೇಲೆ ಮತ್ತೊಂದು ಹಾರ. ಹೀಗೆ ಒಂದೊಂದು ತಲವೂ, ಅಂದರೆ ಅಂತಸ್ತೂ, ಬೇರೆ ಬೇರೆಯಾಗಿ ಎಣಿಸಲು ಬರುವಂತಿದ್ದರೆ ದ್ರಾವಿಡ. ತುದಿಯಲ್ಲಿ ಕತ್ತು, ಅಂದರೆ ಗ್ರೀವ, ಅದರ ಮೇಲೆ ಗುಮ್ಮಟದಂಥ ಶಿಖರ (ದ್ರಾವಿಡದಲ್ಲಿ ಈ ತುದಿಯ ಭಾಗಕ್ಕಷ್ಟೇ ಈ ಹೆಸರು), ಅದರ ಮೇಲೆ ಸ್ತೂಪಿ. ವಿರೂಪಾಕ್ಷದಲ್ಲಿ ಈ ಶಿಖರ ಚೌಕ, ಮಲ್ಲಿಕಾರ್ಜುನದಲ್ಲಿ ದುಂಡು. ಅಕ್ಕತಂಗಿಯರ ಗುಡಿಗಳನ್ನು ದೂರದಿಂದ ಗುರುತಿಸಲು ಇದಕ್ಕಿಂತ ಸುಲಭದ ಗುರುತಿಲ್ಲ.

ನಾಗರದಲ್ಲಿ ಅಂತಸ್ತು ಕಾಣುವುದಿಲ್ಲ. ಗೋಡೆಯಲ್ಲಿ ಹೊರಕ್ಕೆ ಉಬ್ಬಿದ ಪಟ್ಟಿಗಳು, ಅಂದರೆ ರಥಗಳು, ಬುಡದಿಂದ ತುದಿಯವರೆಗೆ ಗೆರೆ ಎಳೆದಂತೆ ಏರಿ ಮೇಲೆ ಒಳಕ್ಕೆ ಬಾಗುತ್ತವೆ. ಮೂಲೆಯ ಪಟ್ಟಿಯಲ್ಲಿ ಸ್ವಲ್ಪ ಸ್ವಲ್ಪ ಅಂತರಕ್ಕೆ ಗೀರುಗಳಿರುವ ಚಪ್ಪಟೆ ಗಾಲಿಯ ತುಣುಕುಗಳು ಸಿಗುತ್ತವೆ, ಅವು ಭೂಮಿ ಆಮಲಕಗಳು. ಅಂತಸ್ತುಗಳ ಲೆಕ್ಕ ಅವುಗಳಲ್ಲಿ ಅಡಗಿದೆ. ಅಂಥದ್ದೇ ದೊಡ್ಡ ಆಮಲಕ ತುದಿಯಲ್ಲಿ, ಅದರ ಮೇಲೆ ಕಲಶ. ಇದೆಲ್ಲ ಸರಿಯಾಗಿ ಉಳಿದಿರುವುದು ಗಳಗನಾಥದಲ್ಲಿ, ಅಲ್ಲೇ ನಿಂತು ಪಾಠ ಮಾಡಿ. ಅದರ ದಕ್ಷಿಣ ಬದಿಯಲ್ಲಿ ಅಂಧಕಾಸುರನನ್ನು ಕೊಲ್ಲುವ ಶಿವನ ಮೂರ್ತಿಯನ್ನೂ ತೋರಿಸಿ. ಕಾಶಿವಿಶ್ವನಾಥದಲ್ಲಿ ತುದಿಯ ಆಮಲಕ, ಕಲಶ ಬಿದ್ದುಹೋಗಿವೆ, ತಲೆ ಬೋಳಾಗಿದೆ. ಆದರೆ ಮೈಮೇಲೆ ಕುದುರೆಲಾಳದ ಆಕಾರದ ಗವಾಕ್ಷಗಳು ಒಂದಕ್ಕೊಂದು ಹೆಣೆದುಕೊಂಡ ಬಲೆ ಬಹಳ ನವಿರು. ಗಳಗನಾಥದ ಪಾಠ ಆದ ಕೂಡಲೇ ಕಾಶಿವಿಶ್ವನಾಥ ತೋರಿಸಿ "ತುದಿ ಇಲ್ಲ, ಆದರೂ ಇದು ಯಾವುದು?" ಎಂದು ಕೇಳಿ. ಪಟ್ಟಿಗಳನ್ನು ನೋಡಿ ಹೇಳಿದವರಿಗೆ ವಿಷಯ ತಲೆಗೆ ಹತ್ತಿದೆ ಎಂದರ್ಥ.

ಎಡವುವ ಜಾಗ ಪಾಪನಾಥ. ದೊಡ್ಡ ಗುಂಪಿನಿಂದ ದಕ್ಷಿಣಕ್ಕೆ ಹೊಳೆಯ ದಂಡೆಗುಂಟ ನಡೆದರೆ ಬೇರೆಯಾಗಿ ನಿಂತಿದೆ. ಸಮಯವಿಲ್ಲವೆಂದು ಹೆಚ್ಚಿನ ಶಾಲೆಯವರು ಬಿಟ್ಟುಬಿಡುತ್ತಾರೆ, ಬಿಡಬಾರದು. ಶಿಖರ ನಾಗರ. ಆದರೆ ಗೋಡೆಯ ಮೇಲಂಚಿಗೆ ಕೂಟ, ಶಾಲಾಗಳ ದ್ರಾವಿಡ ಹಾರ! ಮಂಟಪ ಗರ್ಭಗುಡಿಗೆ ಹೋಲಿಸಿದರೆ ವಿಪರೀತ ಉದ್ದ, ಒಂದರ ಹಿಂದೆ ಒಂದು ಎರಡು ಮಂಟಪಗಳು. ಕೆಲಸದ ನಡುವೆ ಯೋಜನೆ ಬದಲಾದ ಲಕ್ಷಣ ಇದು. ದಕ್ಷಿಣದ ಗೋಡೆಯಲ್ಲಿ ರಾಮಾಯಣದ ದೃಶ್ಯಗಳು, ಪಾತ್ರಗಳ ಹೆಸರುಗಳನ್ನು ಅಲ್ಲೇ ಕನ್ನಡ ಲಿಪಿಯಲ್ಲಿ ಕೆತ್ತಿದ್ದಾರೆ. ಹಳಗನ್ನಡ ಅಕ್ಷರಗಳ ಪಟ್ಟಿಯೊಂದನ್ನು ಮುದ್ರಿಸಿಕೊಂಡು ಹೋದರೆ ಒಂಬತ್ತನೇ ತರಗತಿಯವರು ಒಂದೆರಡು ಹೆಸರನ್ನಾದರೂ ಬಿಡಿಸಿ ಓದುತ್ತಾರೆ. ಉತ್ತರದ ಗೋಡೆಯಲ್ಲಿ ಕಿರಾತಾರ್ಜುನ.

ಪಾಪನಾಥದ ಶಾಸನದಲ್ಲಿ ದಕ್ಷಿಣ ಭಾಗವನ್ನು ಮಾಡಿದವನ ಹೆಸರಿದೆ, ರೇವಡಿ ಓವಜ್ಜ. ಅವನು ಸರ್ವಸಿದ್ಧಿ ಆಚಾರಿಯ ಶಿಷ್ಯ ಪರಂಪರೆಯವನು. ಅಂದರೆ ದ್ರಾವಿಡ ಶೈಲಿಯ ವಿರೂಪಾಕ್ಷದ ಶಾಸನದಲ್ಲಿ ಹೊಗಳಿಸಿಕೊಂಡ ಆಚಾರಿಯ ಬಳಗವೇ ನಾಗರ ಶಿಖರದ ಪಾಪನಾಥದಲ್ಲೂ ಕೆಲಸ ಮಾಡಿದೆ. "ಎರಡ ನಮೂನಿ ಯಾಕ" ಎಂಬ ಪ್ರಶ್ನೆಗೆ ಕಲ್ಲಿನಲ್ಲೇ ಬರೆದಿಟ್ಟ ಸಾಕ್ಷಿ ಇದು. ಉತ್ತರದವರು ಬಂದು ನಾಗರ ಕಟ್ಟಿದರು, ದಕ್ಷಿಣದವರು ಬಂದು ದ್ರಾವಿಡ ಕಟ್ಟಿದರು ಎಂಬ ಸರಳ ಹಂಚಿಕೆ ಇಲ್ಲಿ ಮುರಿದುಬೀಳುತ್ತದೆ.

ಇದೇ ಬೆರಕೆಯನ್ನು ನೋಡಿ ಕೆಲವರು ಪಟ್ಟದಕಲ್ಲಿನದೆಲ್ಲ ವೇಸರ ಎಂದುಬಿಡುತ್ತಾರೆ. ಮಕ್ಕಳ ಟಿಪ್ಪಣಿಯಲ್ಲಿ ಹಾಗೆ ಬರೆಸಬೇಡಿ. ವೇಸರ ಎಂದು ಇಂದು ಕರೆಯುವ ಶೈಲಿ ನೆಲೆಯೂರಿದ್ದು ಆಮೇಲೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಲಕ್ಕುಂಡಿಯ ಕಾಶಿವಿಶ್ವೇಶ್ವರ, 1112ರ ಇಟಗಿಯ ಮಹಾದೇವ ಅದರ ಒಳ್ಳೆಯ ಉದಾಹರಣೆಗಳು. ಅಲ್ಲಿ ಎರಡೂ ಕೂಡಿ ಮೂರನೆಯದಾಗಿದೆ. ಪಟ್ಟದಕಲ್ಲಿನಲ್ಲಿ ಎರಡೂ ಬೇರೆ ಬೇರೆಯಾಗಿಯೇ ಇದ್ದು ಒಂದರ ಅಂಗ ಇನ್ನೊಂದಕ್ಕೆ ಹೋಗಿದೆ. ಇನ್ನೊಂದು ಎಚ್ಚರ: ಐಹೊಳೆಯಲ್ಲಿ, ಮಹಾಕೂಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಬೋಳು ಶಿಖರಗಳಿವೆ. ಅವುಗಳಲ್ಲಿ ಅಂತಸ್ತು ಎಣಿಸಲು ಬರುವುದರಿಂದ ಮಕ್ಕಳು ದ್ರಾವಿಡ ಎನ್ನುತ್ತಾರೆ. ಕೂಟ, ಶಾಲಾ ಇಲ್ಲದಿದ್ದರೆ ಅದು ದ್ರಾವಿಡವಲ್ಲ. ಕದಂಬ ನಾಗರ ಅಥವಾ ಫಾಂಸನ ಎಂದು ಅದನ್ನು ಬೇರೆಯಾಗಿಯೇ ಕರೆಯುತ್ತಾರೆ.

ವಿರೂಪಾಕ್ಷದ ಒಳಗೆ ಹೋಗುವ ಮೊದಲು ಹೊಳೆಯ ಕಡೆಯ ಹೆಬ್ಬಾಗಿಲಿಗೆ ಹೋಗಿ ಅಲ್ಲಿಂದ ಬನ್ನಿ. ಮೊದಲು ಕಪ್ಪು ಕಲ್ಲಿನ ನಂದಿ ಕೂತ ಮಂಟಪ, ಆಮೇಲೆ ಪೂರ್ವದ ಮುಖಮಂಟಪ. ಅಲ್ಲಿ ತಲೆ ಎತ್ತಿದರೆ ಚಾವಣಿಯಲ್ಲಿ ಕುದುರೆಗಳ ರಥದ ಮೇಲೆ ಸೂರ್ಯ. ಮುಖಮಂಟಪಗಳು ಮೂರು ದಿಕ್ಕಿಗೆ. ಒಳಗೆ ಸಭಾಮಂಟಪದ ಚೌಕ ಕಂಬಗಳ ಮೈಮೇಲೆ ಅಡ್ಡಪಟ್ಟಿಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಬೆಳಕು ಬರುವುದು ಗೋಡೆಯ ಜಾಲಂಧ್ರಗಳಿಂದ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳಿಂದ, ಅದೂ ಕಡಿಮೆ. ಗರ್ಭಗುಡಿಯ ಮುಂದಿನ ಅಂತರಾಳದ ಎರಡೂ ಬದಿಗೆ ಚಿಕ್ಕ ಗುಡಿಗಳಲ್ಲಿ ಗಣಪತಿ ಮತ್ತು ಮಹಿಷಮರ್ದಿನಿ. ಗರ್ಭಗುಡಿಯ ಸುತ್ತಲಿನ ಪ್ರದಕ್ಷಿಣಾ ಪಥ ಹಾಡುಹಗಲೂ ಕತ್ತಲು, ಟಾರ್ಚ್ ಬೇಕೇ ಬೇಕು. ಈ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಅಂಗಳದ ಕಲ್ಲು ಕಾದು ಮಕ್ಕಳು ಓಡುತ್ತಾರೆ, ಓಡಿದರೆ ಏನೂ ನೋಡುವುದಿಲ್ಲ. ಬೆಳಗ್ಗೆಯೇ ಹೋಗುವುದಕ್ಕೆ ಇದೂ ಒಂದು ಕಾರಣ.

ಹೊರಗೋಡೆಯ ದೊಡ್ಡ ಮೂರ್ತಿಗಳ ಹತ್ತಿರ ಹೋಗಿ ನೋಡಿದರೆ ಮೈಮೇಲೆ ಅಡ್ಡ ಗೆರೆಗಳು ಕಾಣುತ್ತವೆ. ಬಿರುಕಲ್ಲ, ಕಲ್ಲುಗಳ ಕೂಡು. ಮೂರ್ತಿಯನ್ನು ಬೇರೆಲ್ಲೋ ಕೆತ್ತಿ ತಂದು ಕೂಡಿಸಿದ್ದಲ್ಲ. ಗಾರೆಯಿಲ್ಲದೆ ಮರಳುಗಲ್ಲಿನ ದಿಮ್ಮಿಗಳನ್ನು ಒಂದರ ಮೇಲೊಂದು ಹೊಂದಿಸಿ ಗೋಡೆ ಎಬ್ಬಿಸಿ, ಆಮೇಲೆ ಅದೇ ಗೋಡೆಯಲ್ಲಿ ಕೆತ್ತಿದ್ದು. ಅದಕ್ಕೇ ಕೂಡು ಒಂದು ಮೂರ್ತಿಯ ಸೊಂಟದಲ್ಲಿ, ಇನ್ನೊಂದರ ಮೊಣಕಾಲಿನಲ್ಲಿ ಹಾಯುತ್ತದೆ. ಈ ಕ್ರಮಕ್ಕೆ ಪುರಾವೆ ಬೇಕಿದ್ದರೆ ಮುಗಿಯದ ಗುಡಿ ನೋಡಬೇಕು, ಅದು ಸಂಗಮೇಶ್ವರ. ಅಲ್ಲಿ ಕೆಲವು ಕಡೆ ಕೆಲಸ ಪೂರ್ತಿ, ಕೆಲವು ಕಡೆ ಆಕಾರ ಮಾತ್ರ ತೆಗೆದು ಬಿಟ್ಟಿದ್ದಾರೆ, ಕೆಲವು ಕಡೆ ದಿಮ್ಮಿ ದಿಮ್ಮಿಯಾಗಿಯೇ ಉಳಿದಿದೆ. ಉಳಿ ಎಲ್ಲಿ ನಿಂತಿತೆಂಬುದು ಸ್ಪಷ್ಟ. ಮುಗಿದ ವಿರೂಪಾಕ್ಷಕ್ಕಿಂತ ಮುಗಿಯದ ಸಂಗಮೇಶ್ವರ ಕಟ್ಟುವ ವಿದ್ಯೆಯನ್ನು ಹೆಚ್ಚು ಕಲಿಸುತ್ತದೆ, ಪಾಠಕ್ಕೆ ಅದಕ್ಕೇ ಅರ್ಧ ಗಂಟೆ ಇಡಿ.

ಮಕ್ಕಳಿಗೆ ಕೈ ಹಚ್ಚಬೇಡಿ ಎನ್ನುವಾಗ ಕಾರಣವನ್ನೂ ಹೇಳಿ. ಮರಳುಗಲ್ಲು ಪದರು ಪದರಾದ ಕಲ್ಲು. ಪದರಿನೊಳಗೆ ನೀರು ಇಳಿದು, ನೀರಿನೊಡನೆ ಬಂದ ಉಪ್ಪು ಒಣಗುವಾಗ ಹರಳುಗಟ್ಟಿ ಹಿಗ್ಗುತ್ತದೆ. ಆಗ ಮೇಲ್ಮೈ ಹಪ್ಪಳಿಕೆಯಾಗಿ ಏಳುತ್ತದೆ. ಬುಡದ ಸಾಲುಗಳಲ್ಲಿ ಮುಖಗಳು ಸವೆದಿದ್ದರೆ ಅದೆಲ್ಲ ಯಾರೋ ಒಡೆದದ್ದಲ್ಲ, ಬಹುಪಾಲು ತೇವದ ಕೆಲಸ. ಎಣ್ಣೆ, ಕುಂಕುಮ ಹಚ್ಚಿದರೆ ಕಲ್ಲಿನ ರಂಧ್ರ ಮುಚ್ಚಿ ಒಳಗಿನ ತೇವ ಹೊರಬರ‍ಲಾಗದೆ ಹಾನಿ ಹೆಚ್ಚುತ್ತದೆ. ಶಾಸನದ ಅಕ್ಷರ ಎದ್ದು ಕಾಣಲೆಂದು ಸುಣ್ಣ, ಸೀಮೆಸುಣ್ಣ ತಿಕ್ಕುವ ಹಳೆಯ ಚಾಳಿಯೂ ಬೇಡ. ಟಾರ್ಚನ್ನು ಗೋಡೆಗೆ ತಾಗುವಂತೆ ಬದಿಯಿಂದ ಹಿಡಿದರೆ ನೆರಳಿನಲ್ಲಿ ಅಕ್ಷರ ತಾನೇ ಏಳುತ್ತದೆ. ಹೊಳೆಯೂ ತನ್ನ ಪಾಲಿನ ಕಾಟ ಕೊಡುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಗುಡಿಗಳ ಅಂಗಳಕ್ಕೆಲ್ಲ ನೀರು ನುಗ್ಗಿತ್ತು. ಜುಲೈನಿಂದ ಸೆಪ್ಟೆಂಬರ್ ನಡುವೆ ಹೋಗುವುದಾದರೆ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂದು ಹಿಂದಿನ ದಿನ ವಿಚಾರಿಸಿಕೊಳ್ಳಿ.

ದಿನದ ಕ್ರಮಕ್ಕೆ ಬರೋಣ. ಬಾದಾಮಿ ಗುಹೆಗಳನ್ನು ಈ ಸಲ ಬಿಡಿ. ಮೆಟ್ಟಿಲು, ಮಂಗಗಳ ಕಾಟ, ಕೆರೆಯ ಸುತ್ತಾಟ ಎಂದು ಅದೊಂದಕ್ಕೇ ಅರ್ಧ ದಿನ ಹೋಗುತ್ತದೆ. ಗೋಕಾಕದಿಂದ ನಸುಕಿನಲ್ಲೇ ಹೊರಟು ಮೊದಲು ಮಹಾಕೂಟ, ಅಲ್ಲಿ ಒಂದು ಗಂಟೆ. ಎರಡು ಶಿಖರಗಳನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬಿಡಿಸಲಿ, ಹೆಸರು ಇನ್ನೂ ಹೇಳಬೇಡಿ. ಅಲ್ಲಿಂದ ಪಟ್ಟದಕಲ್ಲು, ಮೂರು ತಾಸು. ಆವರಣದಲ್ಲಿ ಗುಡಿಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಸಿಗುತ್ತವೆ, ಆದರೆ ಆ ಸಾಲು ಕಟ್ಟಿದ ಕಾಲದ ಸಾಲಲ್ಲ. ಕಾಡಸಿದ್ದೇಶ್ವರ, ಜಂಬುಲಿಂಗೇಶ್ವರಗಳಲ್ಲಿ ಶುಕನಾಸದ ಮೇಲಿನ ನಟರಾಜನನ್ನು ತೋರಿಸಿ ಮುಂದೆ ನಡೆಯಿರಿ. ಶಿಖರವೇ ಇಲ್ಲದ ಚಂದ್ರಶೇಖರದಲ್ಲಿ ನಿಲ್ಲಬೇಕಿಲ್ಲ. ಗಳಗನಾಥದಲ್ಲಿ ಪಾಠ, ಕಾಶಿವಿಶ್ವನಾಥದಲ್ಲಿ ಪರೀಕ್ಷೆ, ಆಮೇಲೆ ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಇದೇ ಕ್ರಮದಲ್ಲಿ, ಅಂದರೆ ಮಾವ, ಅಕ್ಕ, ತಂಗಿ. ಕೊನೆಗೆ ಪಾಪನಾಥ. ಗುಡಿಗಳು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗ್ಗೆ ಹತ್ತರೊಳಗೆ ಮುಂಭಾಗಕ್ಕೆ ಬಿಸಿಲು ಬೀಳುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಗೋಡೆಗೆ ದಿನವಿಡೀ ಓರೆ ಬಿಸಿಲು, ಪಾಪನಾಥದ ರಾಮಾಯಣ ಓದಲು ಅದೇ ಸರಿಯಾದ ಬೆಳಕು. ಡಿಸೆಂಬರ್, ಜನವರಿಯಲ್ಲಿ ಹೋಗುವುದಾದರೆ ಬನದ ಹುಣ್ಣಿಮೆಯ ಸುತ್ತಿನ ದಿನ ತಪ್ಪಿಸಿ. ಬನಶಂಕರಿ ಜಾತ್ರೆಗೆ ಬಾದಾಮಿ ರಸ್ತೆ ತುಂಬಿ ಬಸ್ಸು ಹೊರಳುವುದಿಲ್ಲ. ಉಳಿದ ದಿನಗಳಲ್ಲಿ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಮಾರುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರಿಗಿಂತ ಒಳ್ಳೆಯ ಊಟ ಈ ಕಡೆ ಸಿಗದು, ಆದರೆ ಅದಕ್ಕೆ ಬಾದಾಮಿಯಾಚೆ ಹೋಗಬೇಕು. ನಿಮ್ಮ ಹಾದಿಗೆ ಅದು ಸುತ್ತು, ಬುತ್ತಿ ಕಟ್ಟಿಕೊಂಡೇ ಹೋಗಿ.

ಊಟವಾದ ಮೇಲೆ ಐಹೊಳೆ. ದುರ್ಗ, ಲಾಡಖಾನ, ಮೇಗುತಿ ಮೂರೇ ಸಾಕು. ಮೇಗುತಿ ಗುಡ್ಡದ ಮೇಲಿರುವುದರಿಂದ ಸಂಜೆ ನಾಲ್ಕರ ಮೇಲೆ ಹತ್ತಿಸಿ. 634ರ ಶಾಸನದ ಎದುರು ನಿಲ್ಲಿಸಿ, ಬಾದಾಮಿಯ 578ನ್ನೂ ವಿರೂಪಾಕ್ಷದ 740ನ್ನೂ ನೆನಪಿಸಿ, ಮೂರು ಊರುಗಳ ಸಾಲಿ-ಹೈಸ್ಕೂಲು ಲೆಕ್ಕ ತಪ್ಪೆಂದು ಮಕ್ಕಳೇ ತೋರಿಸಲಿ. ಮಹಾಕೂಟದ ಮಂಗಲೇಶನ ಕಂಬ ಮಾತ್ರ ಈ ಹಾದಿಯಲ್ಲಿ ಸಿಗದು. ಅದನ್ನು ವಿಜಯಪುರದ ಗೋಳಗುಮ್ಮಟದ ಆವರಣದ ವಸ್ತು ಸಂಗ್ರಹಾಲಯಕ್ಕೆ ಒಯ್ದಿದ್ದಾರೆ. ಮುಂದೆಂದಾದರೂ ವಿಜಯಪುರಕ್ಕೆ ಪ್ರವಾಸ ಹಾಕಿದರೆ ಶುಕ್ರವಾರ ಬಿಟ್ಟು ಬೇರೆ ದಿನ ಹೋಗಿ, ಅಂದು ಸಂಗ್ರಹಾಲಯಕ್ಕೆ ರಜೆ.